ಕೂಡುವುದು ಸುಲಭ, ಕೇಳುವುದು ಕಷ್ಟ: ಮೊದಲ ಕ್ಯಾಲ್ಕುಲೇಟರ್ ಪ್ರೋಗ್ರಾಮ್

(ಕಲಬುರಗಿಯಲ್ಲಿ ಪದವಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಕೊಟ್ಟ ಉಪನ್ಯಾಸದ ಬರಹ ರೂಪ. ಪೈಥಾನ್ ಭಾಷೆಯ ಪದಗಳನ್ನು ಓದಿನ ಅನುಕೂಲಕ್ಕೆ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಬರೆಯಬೇಕು. ‘ಟ್ರೂ’, ‘ಡೆಸಿಮಲ್’ ಮತ್ತು ಎರರ್‌ಗಳ ಹೆಸರು ಮಾತ್ರ ದೊಡ್ಡಕ್ಷರದಿಂದ ಶುರುವಾಗುತ್ತವೆ.)

ಗಂಜಿನ (ಧಾನ್ಯ ಮಾರುಕಟ್ಟೆಯ) ಯಾವ ಅಡತಿ (ದಲ್ಲಾಳಿ) ಅಂಗಡಿಗೆ ಹೋದರೂ ಮೇಜಿನ ಮೇಲೆ ಒಂದು ಕ್ಯಾಲ್ಕುಲೇಟರ್ ಬಿದ್ದಿರುತ್ತದೆ. 3 ಕ್ವಿಂಟಲ್ 40 ಕೆ.ಜಿ. ತೊಗರಿ, 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಮುನೀಮರು 3.4 ಒತ್ತಿ, ಗುಣಾಕಾರ ಒತ್ತಿ, 8000 ಒತ್ತಿ, 27,200 ಅಂತ ಹೇಳಿ ಚೀಟಿ ಬರೆದುಬಿಡುತ್ತಾರೆ. ಇದನ್ನೇ ಮಾಡುವ ಪ್ರೋಗ್ರಾಮ್ ಬರೀರಿ ಅಂದರೆ, ಅದರಲ್ಲೇನಿದೆ, ನಾಲ್ಕು ಸಾಲು ಅಂತ ನಿಮಗೆ ಅನ್ನಿಸಬಹುದು. ನಾಲ್ಕು ಸಾಲು ಹೌದು. ಆದರೆ ಆ ನಾಲ್ಕು ಸಾಲಿನ ಸುತ್ತ ಬರೆಯಬೇಕಾದ ನಲವತ್ತು ಸಾಲಿನಲ್ಲೇ ಪ್ರೋಗ್ರಾಮಿಂಗಿನ ಅರ್ಧ ಪಾಠ ಇದೆ. ಕೂಡುವುದು, ಕಳೆಯುವುದು ಪ್ರೊಸೆಸರ್ ಕೆಲಸ, ಅದನ್ನು ಅದು ಹುಟ್ಟಿದಂದಿನಿಂದ ಮಾಡುತ್ತಿದೆ. ಮನುಷ್ಯ ಒತ್ತಿದ ಕೀಲಿಗಳಿಂದ ಸರಿಯಾದ ಸಂಖ್ಯೆಯನ್ನು ಹೊರತೆಗೆಯುವುದು ನಿಮ್ಮ ಕೆಲಸ. ಇವತ್ತಿನ ಮಾತೆಲ್ಲ ಆ ಎರಡನೆಯ ಕೆಲಸದ ಬಗ್ಗೆ.

ಹುಟ್ಟಿದಂದಿನಿಂದ ಅಂದದ್ದು ಸುಮ್ಮನೆ ಅಲ್ಲ. 1971ರಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್ 4004 ಚಿಪ್ ಮೊದಲಿಗೆ ತಯಾರಾದದ್ದು ಬಿಸಿಕಾಂ ಎಂಬ ಜಪಾನಿ ಕಂಪನಿಯ ಕ್ಯಾಲ್ಕುಲೇಟರಿಗೆ. ನಿಮ್ಮ ಮೊಬೈಲಿನ ಪ್ರೊಸೆಸರಿನ ವಂಶಾವಳಿ ಹಿಡಿದು ಹಿಂದಕ್ಕೆ ಹೋದರೆ ಅಂಗಡಿಯ ಲೆಕ್ಕದ ಮೇಜಿಗೇ ಬಂದು ನಿಲ್ಲುತ್ತೀರಿ.

ಇರಲಿ, ಕೆಲಸಕ್ಕೆ ಬರೋಣ. ಪೈಥಾನ್ ಆರಿಸಿಕೊಂಡಿದ್ದೇವೆ. ವಿಂಡೋಸಿನಲ್ಲಿ ಇನ್‌ಸ್ಟಾಲ್ ಮಾಡುವಾಗ ಮೊದಲ ಪರದೆಯ ಕೆಳಗೆ ‘ಪಾತ್’ಗೆ ಸೇರಿಸಬೇಕೇ ಎಂದು ಕೇಳುವ ಚೌಕ ಇರುತ್ತದೆ, ಅದಕ್ಕೆ ಟಿಕ್ ಹಾಕಿ. ಹಾಕದಿದ್ದರೆ ಆಮೇಲೆ ಕಮಾಂಡ್ ಪ್ರಾಂಪ್ಟಿನಲ್ಲಿ ಪೈಥಾನ್ ಅಂದರೆ ಯಾರೋ ಗೊತ್ತಿಲ್ಲ ಅನ್ನುತ್ತದೆ. ಜೊತೆಗೇ ಬರುವ ‘ಐಡಲ್’ ಎಡಿಟರ್ ಸಾಕು. ಹೊಸ ಫೈಲ್ ತೆರೆದು, ಬರೆದು, ಸೇವ್ ಮಾಡಿ, ಎಫ್5 ಒತ್ತಿದರೆ ಓಡುತ್ತದೆ. ಲ್ಯಾಪ್‌ಟಾಪ್ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲಿ ಪೈಡ್ರಾಯ್ಡ್ 3 ಎಂಬ ಆ್ಯಪ್ ಹಾಕಿಕೊಂಡರೂ ಇವತ್ತಿನ ಪಾಠ ಪೂರ್ತಿ ಮಾಡಬಹುದು. ಒಂದೇ ಎಚ್ಚರಿಕೆ: ಫೋನಿನ ಕೀಬೋರ್ಡು ಸಾಲಿನ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡುತ್ತದೆ. ದೊಡ್ಡಕ್ಷರದ ಪ್ರಿಂಟ್ ಎಂಬುದು ಪೈಥಾನಿಗೆ ಬೇರೆಯೇ ಹೆಸರು. ಅದು ‘ನೇಮ್ ಎರರ್’ ಕೊಡುತ್ತದೆ. ಆ ಸೌಲಭ್ಯವನ್ನು ಸೆಟ್ಟಿಂಗಿನಲ್ಲಿ ಮೊದಲೇ ಆಫ್ ಮಾಡಿ.

ಫೈಲಿಗೆ ಹೆಸರಿಡುವಾಗಲೂ ಒಂದು ಮಾತು. ನೋಟ್‌ಪ್ಯಾಡಿನಲ್ಲಿ ಸೇವ್ ಮಾಡಿದರೆ ನೀವು ಕೊಟ್ಟ ಹೆಸರಿನ ಹಿಂದೆ ಕಾಣದಂತೆ ಟಿಎಕ್ಸ್‌ಟಿ ಎಂಬ ಬಾಲ ಅಂಟಿಕೊಳ್ಳುತ್ತದೆ, ಫೈಲ್ ಓಡುವುದಿಲ್ಲ. ಸೇವ್ ಮಾಡುವ ಪೆಟ್ಟಿಗೆಯಲ್ಲಿ ‘ಆಲ್ ಫೈಲ್ಸ್’ ಆರಿಸಿಕೊಳ್ಳಿ.

ಈಗ ಮೊದಲ ಪ್ರೋಗ್ರಾಮ್. ಎಲ್ಲರೂ ಹೀಗೇ ಬರೆಯುತ್ತಾರೆ:

ಮೊದಲು = ಇನ್‌ಪುಟ್("ಮೊದಲ ಸಂಖ್ಯೆ: ")
ನಂತರ = ಇನ್‌ಪುಟ್("ಎರಡನೆಯ ಸಂಖ್ಯೆ: ")
ಪ್ರಿಂಟ್(ಮೊದಲು + ನಂತರ)

12 ಕೊಡಿ, 5 ಕೊಡಿ. 17 ಬರಬೇಕು. ಬರುವುದು 125. ಯಾಕೆಂದರೆ ಇನ್‌ಪುಟ್ ಯಾವಾಗಲೂ ಅಕ್ಷರಗಳ ಸರವನ್ನೇ ತಂದುಕೊಡುತ್ತದೆ. ನೀವು ಒತ್ತಿದ್ದು 1 ಮತ್ತು 2 ಎಂಬ ಎರಡು ಕೀಲಿ. ಅದು ಫೋನ್ ನಂಬರೋ, ಪಿನ್‌ಕೋಡೋ, ತೂಕವೋ ಅದಕ್ಕೆ ತಿಳಿಯದು. ಅಕ್ಷರಗಳ ನಡುವೆ ಪ್ಲಸ್ ಹಾಕಿದರೆ ಪೈಥಾನ್ ಎರಡನ್ನೂ ಒಂದರ ಹಿಂದೊಂದು ಜೋಡಿಸುತ್ತದೆ.

ಇಲ್ಲಿ ಗಮನಿಸಬೇಕಾದ್ದು ಬೇರೆ ಇದೆ. ಪ್ಲಸ್ ಇದ್ದ ಜಾಗದಲ್ಲಿ ಮೈನಸ್ ಹಾಕಿ ನೋಡ್ರಿ. ಪ್ರೋಗ್ರಾಮ್ ಅಲ್ಲೇ ನಿಂತು ‘ಟೈಪ್ ಎರರ್’ ಅಂತ ಕೂಗುತ್ತದೆ. ಗುಣಾಕಾರಕ್ಕೂ ಕೂಗುತ್ತದೆ, ಭಾಗಾಕಾರಕ್ಕೂ ಕೂಗುತ್ತದೆ. ಕೂಡುವಾಗ ಮಾತ್ರ ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತದೆ. ಕೂಗುವ ತಪ್ಪಿಗಿಂತ ಸುಮ್ಮನಿರುವ ತಪ್ಪು ಹೆಚ್ಚು ಅಪಾಯ. 0 ಮತ್ತು 5 ಕೊಟ್ಟು ಪರೀಕ್ಷೆ ಮಾಡಿದ್ದರೆ 05 ಬರುತ್ತಿತ್ತು, ಅದನ್ನು ಸರಿ ಅಂದುಕೊಂಡು ಮುಂದೆ ಹೋಗುವವರೂ ಇದ್ದಾರೆ. ವೆಬ್ ಪುಟಕ್ಕೆ ಜಾವಾಸ್ಕ್ರಿಪ್ಟಿನಲ್ಲಿ ಕ್ಯಾಲ್ಕುಲೇಟರ್ ಬರೆಯುವವರಿಗೆ ಈ ಕಾಟ ಇನ್ನೂ ಹೆಚ್ಚು: ಅದು ಕಳೆಯುವಾಗ, ಗುಣಿಸುವಾಗ ಅಕ್ಷರವನ್ನು ತಾನೇ ಸಂಖ್ಯೆ ಮಾಡಿಕೊಂಡು ಸರಿ ಉತ್ತರ ಕೊಡುತ್ತದೆ, ಕೂಡುವಾಗ ಮಾತ್ರ ಜೋಡಿಸುತ್ತದೆ. ನಾಲ್ಕರಲ್ಲಿ ಮೂರು ಸರಿ ಇದ್ದರೆ ತಪ್ಪು ಎಲ್ಲಿದೆ ಅಂತ ಹುಡುಕುವುದೇ ಕಷ್ಟ.

ಪರಿಹಾರ: ಬಂದ ಅಕ್ಷರಗಳನ್ನು ಸಂಖ್ಯೆ ಮಾಡಬೇಕು. ಇಂಟ್ ಎಂದರೆ ಪೂರ್ಣಾಂಕ, ಫ್ಲೋಟ್ ಎಂದರೆ ದಶಮಾಂಶ ಇರುವ ಸಂಖ್ಯೆ. ನಮ್ಮ ತೊಗರಿ 3.4 ಕ್ವಿಂಟಲ್ ಇರುವುದರಿಂದ ಇಂಟ್ ನಡೆಯದು, ಇಂಟ್‌ಗೆ "3.4" ಕೊಟ್ಟರೆ 3 ಮಾಡಿಕೊಳ್ಳುವುದಿಲ್ಲ, ‘ವ್ಯಾಲ್ಯೂ ಎರರ್’ ಕೊಡುತ್ತದೆ. ಹಾಗಾಗಿ ಫ್ಲೋಟ್:

ಮೊದಲು = ಫ್ಲೋಟ್(ಇನ್‌ಪುಟ್("ಮೊದಲ ಸಂಖ್ಯೆ: "))

ಕೊನೆಯಲ್ಲಿ ಎರಡು ಆವರಣ ಮುಚ್ಚಿದ್ದೇನೆ, ನೋಡಿಕೊಳ್ಳಿ. ಒಂದನ್ನೇ ಮುಚ್ಚಿದರೆ ಹಳೆಯ ಪೈಥಾನ್ ಆವೃತ್ತಿಗಳು ತಪ್ಪು ಮುಂದಿನ ಸಾಲಿನಲ್ಲಿದೆ ಅಂತ ತೋರಿಸುತ್ತವೆ. ಸಾಲು 4ರಲ್ಲಿ ತಪ್ಪು ಅಂತ ಬಂದು ಅಲ್ಲಿ ಏನೂ ಕಾಣದಿದ್ದರೆ ಸಾಲು 3ರ ಕೊನೆ ನೋಡಿ.

ಚಲಕಗಳಿಗೆ, ಅಂದರೆ ಬೆಲೆಗಳನ್ನು ಇಟ್ಟುಕೊಳ್ಳುವ ಡಬ್ಬಿಗಳಿಗೆ, ಕನ್ನಡ ಹೆಸರು ಇಟ್ಟದ್ದನ್ನು ನೋಡಿ ಕೆಲವರು ಹುಬ್ಬೇರಿಸಿದಿರಿ. ಪೈಥಾನ್ 3ರಲ್ಲಿ ಇದು ನಿಜಕ್ಕೂ ನಡೆಯುತ್ತದೆ. ‘ಮೊದಲು’, ‘ನಂತರ’, ‘ಉತ್ತರ’, ‘ಮೊತ್ತ’ ಎಲ್ಲವೂ ಒಪ್ಪಿತ ಹೆಸರುಗಳು, ಒತ್ತಕ್ಷರಕ್ಕೂ ತಕರಾರಿಲ್ಲ. ತಕರಾರು ಎರಡು ಕಡೆ. ಒಂದು, ನುಡಿ ತಂತ್ರಾಂಶದ ಹಳೆಯ ಆಸ್ಕಿ ಮೋಡಿನಲ್ಲಿ ಟೈಪ್ ಮಾಡಬಾರದು, ಯೂನಿಕೋಡಿನಲ್ಲೇ ಮಾಡಬೇಕು. ಆಸ್ಕಿಯಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಬೇರೆ ಚಿಹ್ನೆಗಳು. ಎರಡು, ‘ಅಡತ್‌ದಾರ’ ಎಂದು ಬರೆಯುವಾಗ ತ್ ಮತ್ತು ದ ಒತ್ತಾಗಿ ಕೂಡಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವಲ್ಲ, ಅದನ್ನು ಚಲಕದ ಹೆಸರಿನೊಳಗೆ ಪೈಥಾನ್ ಒಪ್ಪುವುದಿಲ್ಲ. ಎರರ್ ಬಂದ ಸಾಲಿನಲ್ಲಿ ಎಷ್ಟು ಹುಡುಕಿದರೂ ತಪ್ಪು ಕಾಣುವುದೂ ಇಲ್ಲ. ಉದ್ಧರಣ ಚಿಹ್ನೆಯ ಒಳಗಿನ ಪಠ್ಯದಲ್ಲಿ ಅದು ಎಷ್ಟಿದ್ದರೂ ಪರವಾಗಿಲ್ಲ.

ಕನ್ನಡದ ಮಾತು ಬಂದ ಮೇಲೆ ಇನ್ನೊಂದು ಹೇಳಿಬಿಡುತ್ತೇನೆ. ಪ್ರೋಗ್ರಾಮ್ ಓಡುವಾಗ ಬಳಕೆದಾರರು ೧೨.೫ ಎಂದು ಕನ್ನಡ ಅಂಕಿಯಲ್ಲಿ ಕೊಟ್ಟರೆ ಫ್ಲೋಟ್ ಅದನ್ನು 12.5 ಎಂದೇ ಓದುತ್ತದೆ. ನೀವು ಒಂದು ಸಾಲೂ ಹೆಚ್ಚಿಗೆ ಬರೆಯಬೇಕಿಲ್ಲ. ಆದರೆ ಪ್ರೋಗ್ರಾಮಿನ ಒಳಗೇ, ಕೋಡಿನ ಸಾಲಿನಲ್ಲಿ, ೧೨ ಎಂದು ಬರೆದರೆ ‘ಸಿಂಟ್ಯಾಕ್ಸ್ ಎರರ್’. ಓದುವಾಗ ಉದಾರಿ, ಬರೆಯುವಾಗ ಕಟ್ಟುನಿಟ್ಟು.

ಈಗ ಗುರುತು ಕೇಳಬೇಕು: ಪ್ಲಸ್, ಮೈನಸ್, ಗುಣಾಕಾರಕ್ಕೆ ನಕ್ಷತ್ರ, ಭಾಗಾಕಾರಕ್ಕೆ ಓರೆಗೆರೆ.

ಗುರುತು = ಇನ್‌ಪುಟ್("ಗುರುತು (+ - * /): ").ಸ್ಟ್ರಿಪ್()

ಕೊನೆಯ ಸ್ಟ್ರಿಪ್ ಯಾಕೆ? ಒಬ್ಬರು ಪ್ಲಸ್ ಒತ್ತಿ ಸ್ಪೇಸ್ ಒತ್ತಿ ಎಂಟರ್ ಒತ್ತುತ್ತಾರೆ. "+ " ಮತ್ತು "+" ಪೈಥಾನಿಗೆ ಬೇರೆ ಬೇರೆ. ಸ್ಟ್ರಿಪ್ ಎರಡೂ ತುದಿಯ ಖಾಲಿ ಜಾಗ ಕಿತ್ತು ಹಾಕುತ್ತದೆ. ಫ್ಲೋಟ್ ತಾನೇ ತುದಿಯ ಸ್ಪೇಸ್ ತೆಗೆದುಕೊಳ್ಳುತ್ತದೆ, ಅದಕ್ಕೆ ಈ ಉಪಚಾರ ಬೇಡ.

ಮುಂದೆ, ಯಾವ ಗುರುತಿಗೆ ಯಾವ ಲೆಕ್ಕ ಎಂದು ಕವಲೊಡೆಸಬೇಕು. ನಾಲ್ಕು ಗುರುತಿಗೆ ನಾಲ್ಕು ಇಫ್ ಬರೆದು, ಕೊನೆಗೆ ಎಲ್ಸ್ ಹಾಕಿ ‘ಗುರುತು ತಪ್ಪು’ ಅಂತ ಪ್ರಿಂಟ್ ಮಾಡಿಸುವುದು ಸಾಮಾನ್ಯವಾಗಿ ಎಲ್ಲರೂ ಮಾಡುವ ಕೆಲಸ. ಓಡಿಸಿ, 12 ಪ್ಲಸ್ 5 ಕೊಡಿ. 17.0 ಬರುತ್ತದೆ, ಅದರ ಕೆಳಗೇ ‘ಗುರುತು ತಪ್ಪು’ ಅಂತಲೂ ಬರುತ್ತದೆ. ಭಾಗಾಕಾರ ಕೊಟ್ಟರೆ ಮಾತ್ರ ಸರಿ. ಕಾರಣ, ನಾಲ್ಕೂ ಇಫ್ ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಪ್ರಶ್ನೆಗಳು. ಎಲ್ಸ್ ಹತ್ತಿರದ ಕೊನೆಯ ಇಫ್‌ಗೆ ಮಾತ್ರ ಸೇರಿದ್ದು; ‘ಭಾಗಾಕಾರ ಅಲ್ಲವೇ? ಹಾಗಾದರೆ ತಪ್ಪು’ ಅಂತಷ್ಟೇ ಅದಕ್ಕೆ ಗೊತ್ತು. ಮೊದಲನೆಯದು ಇಫ್, ನಡುವಿನವೆಲ್ಲ ಎಲಿಫ್, ಕೊನೆಗೆ ಎಲ್ಸ್ ಎಂದು ಬರೆದರೆ ಐದೂ ಒಂದೇ ಸರಪಳಿ ಆಗುತ್ತವೆ, ಒಂದು ಹಿಡಿಸಿದರೆ ಉಳಿದವನ್ನು ಬಿಡುತ್ತದೆ.

ಇಫ್ ಗುರುತು == "+":
    ಉತ್ತರ = ಮೊದಲು + ನಂತರ
ಎಲಿಫ್ ಗುರುತು == "-":
    ಉತ್ತರ = ಮೊದಲು - ನಂತರ

ಹೀಗೆ ಮುಂದಕ್ಕೆ. ಒಳಸರಿದ ಸಾಲಿಗೆ ನಾಲ್ಕು ಸ್ಪೇಸ್. ಕೆಲವು ಕಡೆ ಟ್ಯಾಬ್, ಕೆಲವು ಕಡೆ ಸ್ಪೇಸ್ ಅಂತ ಕಲಸಬೇಡಿ, ಕಣ್ಣಿಗೆ ಒಂದೇ ಥರ ಕಂಡರೂ ಪೈಥಾನ್ ಹಿಡಿದು ನಿಲ್ಲಿಸುತ್ತದೆ.

ಸಮ ಚಿಹ್ನೆ ಎರಡು ಸಲ ಇದೆ. ಒಂದು ಸಮ ಎಂದರೆ ‘ಇದರಲ್ಲಿ ಇದನ್ನು ಇಡು’, ಎರಡು ಸಮ ಎಂದರೆ ‘ಇವೆರಡೂ ಒಂದೇನಾ?’ ಇಫ್ ಮುಂದೆ ಒಂದೇ ಸಮ ಬರೆದರೆ ಪೈಥಾನ್ ಒಪ್ಪದು, ಬದುಕಿದಿರಿ. ಸಿ ಭಾಷೆಯಲ್ಲಿ ಒಪ್ಪುತ್ತದೆ. ನಿಮ್ಮಲ್ಲಿ ಬಹಳ ಮಂದಿಗೆ ಲ್ಯಾಬಿನಲ್ಲಿ ಇದೇ ಕ್ಯಾಲ್ಕುಲೇಟರನ್ನು ಸಿ ಭಾಷೆಯಲ್ಲಿ ಬರೆಯಲು ಕೊಡುತ್ತಾರೆ, ಆದ್ದರಿಂದ ಸ್ವಲ್ಪ ದಾರಿ ಬಿಟ್ಟು ಆ ಕಡೆ ಹೋಗಿ ಬರೋಣ.

ಸಿ ಭಾಷೆಯಲ್ಲಿ ಇಫ್ ಒಳಗೆ ಒಂದೇ ಸಮ ಹಾಕಿ ಗುರುತನ್ನು ಪ್ಲಸ್ಸಿಗೆ ಹೋಲಿಸಿದರೆ, ಅದು ಹೋಲಿಸುವುದಿಲ್ಲ. ಗುರುತಿನೊಳಗೆ ಪ್ಲಸ್ಸನ್ನು ತುಂಬಿ, ತುಂಬಿದ್ದು ಸೊನ್ನೆ ಅಲ್ಲದ್ದರಿಂದ ‘ಹೌದು’ ಅಂದುಬಿಡುತ್ತದೆ. ನೀವು ಏನೇ ಒತ್ತಿದರೂ ಕೂಡಿಯೇ ತೋರಿಸುವ ಕ್ಯಾಲ್ಕುಲೇಟರ್ ಸಿದ್ಧ. ಎರಡನೆಯದು, ಸ್ವಿಚ್ ಬಳಸಿ ಪ್ರತಿ ಕೇಸಿನ ಕೊನೆಗೆ ಬ್ರೇಕ್ ಮರೆಯುವುದು. ಪ್ಲಸ್ ಕೊಟ್ಟರೆ ಮೊತ್ತ, ವ್ಯತ್ಯಾಸ, ಗುಣಲಬ್ಧ, ಭಾಗಲಬ್ಧ ನಾಲ್ಕೂ ಸಾಲಾಗಿ ಇಳಿಯುತ್ತವೆ. ಮೂರನೆಯದು ವಿದ್ಯಾರ್ಥಿಗಳನ್ನು ಅತಿ ಹೆಚ್ಚು ಕಾಡುವುದು: ಸಂಖ್ಯೆ ಓದಿದ ಮೇಲೆ ಗುರುತು ಓದಲು ಸ್ಕ್ಯಾನ್‌ಎಫ್ ಹಾಕಿದರೆ ಅದು ನಿಮ್ಮನ್ನು ಕಾಯದೆ ಮುಂದೆ ಓಡುತ್ತದೆ. ಸಂಖ್ಯೆಯ ನಂತರ ನೀವು ಒತ್ತಿದ ಎಂಟರ್ ಇನ್ನೂ ಬಫರಿನಲ್ಲೇ (ಒತ್ತಿದ ಕೀಲಿಗಳು ಓದಿಸಿಕೊಳ್ಳಲು ಕಾಯುವ ಜಾಗದಲ್ಲೇ) ಉಳಿದಿದೆ, ಅದನ್ನೇ ಗುರುತು ಎಂದು ಎತ್ತಿಕೊಂಡಿದೆ. ಶೇಕಡಾ ಚಿಹ್ನೆ ಮತ್ತು ಸಿ ಅಕ್ಷರದ ಮುಂಚೆ, ಉದ್ಧರಣ ಚಿಹ್ನೆಯ ಒಳಗೆ, ಒಂದು ಸ್ಪೇಸ್ ಬಿಡಿ. ಅಷ್ಟೇ. ಆ ಸ್ಪೇಸ್ ಇದ್ದರೆ ಮೊದಲು ಬರುವ ಖಾಲಿ ಅಕ್ಷರಗಳನ್ನೆಲ್ಲ ದಾಟಿ ಓದುತ್ತದೆ.

ಇನ್ನು ಗಾತ್ರ. ಟರ್ಬೊ ಸಿ ಎಂಬ ನೀಲಿ ಪರದೆಯ ಹಳೆಯ ಕಂಪೈಲರಿನಲ್ಲಿ ಇಂಟ್ ಎಂದರೆ 16 ಬಿಟ್, ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. 300ನ್ನು 200ರಿಂದ ಗುಣಿಸಿದರೆ 60,000 ಬರಬೇಕಲ್ಲ, -5536 ಬರುತ್ತದೆ. 60,000ದಿಂದ 65,536 ಕಳೆದು ನೋಡಿ, ಅದೇ. ಈಗಿನ ಕಂಪೈಲರುಗಳಲ್ಲಿ ಇಂಟ್ ಸಾಮಾನ್ಯವಾಗಿ 32 ಬಿಟ್, ಮಿತಿ 214 ಕೋಟಿ ಚಿಲ್ಲರೆ. ಪೈಥಾನಿನ ಪೂರ್ಣಾಂಕಕ್ಕೆ ಇಂಥ ಮಿತಿ ಇಲ್ಲ, ಮೆಮೊರಿ ಇರುವವರೆಗೂ ಬೆಳೆಯುತ್ತದೆ. ಮತ್ತೆ ಸಿ ಭಾಷೆಯಲ್ಲಿ 7ನ್ನು 2ರಿಂದ ಭಾಗಿಸಿದರೆ 3. ಎರಡೂ ಪೂರ್ಣಾಂಕ ಆದ್ದರಿಂದ ಉತ್ತರವೂ ಪೂರ್ಣಾಂಕವೇ. ಪೈಥಾನಿನಲ್ಲಿ ಒಂದು ಓರೆಗೆರೆ 3.5 ಕೊಡುತ್ತದೆ, ಎರಡು ಓರೆಗೆರೆ 3 ಕೊಡುತ್ತದೆ.

ಈ ಎರಡು ಓರೆಗೆರೆ ನಮ್ಮ ಗಂಜಿನ ಲೆಕ್ಕಕ್ಕೆ ಬಹಳ ಛಲೋ ಉಪಯೋಗ. ತಕ್ಕಡಿ 340 ಕೆ.ಜಿ. ತೋರಿಸಿತು. 340 // 100 ಎಂದರೆ 3, ಅದು ಕ್ವಿಂಟಲ್. 340 % 100 ಎಂದರೆ 40, ಅದು ಉಳಿದ ಕೆ.ಜಿ. ಶೇಕಡಾ ಚಿಹ್ನೆ ಇಲ್ಲಿ ಶೇಕಡಾ ಅಲ್ಲ, ಶೇಷ. ನಿಮ್ಮ ಕ್ಯಾಲ್ಕುಲೇಟರಿಗೆ ಆ ಗುರುತನ್ನು ಸೇರಿಸಿದರೆ ಪರದೆಯ ಮೇಲೆ ‘ಶೇಷ’ ಅಂತ ಬರೆದಿಡಿ. ಅಂಗಡಿಯವರು ಅದನ್ನು ಒತ್ತಿ ಕಮಿಷನ್ ಲೆಕ್ಕ ಹಾಕಲು ಹೋಗುತ್ತಾರೆ. ಋಣ ಸಂಖ್ಯೆಗೆ ಇವೆರಡೂ ಭಾಷೆಯಿಂದ ಭಾಷೆಗೆ ಬೇರೆ: -7 // 2 ಪೈಥಾನಿನಲ್ಲಿ -4, ಯಾಕೆಂದರೆ ಅದು ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ. ಸಿ ಸೊನ್ನೆಯ ಕಡೆಗೆ ಕತ್ತರಿಸಿ -3 ಕೊಡುತ್ತದೆ.

ಭಾಗಾಕಾರಕ್ಕೆ ಬಂದೆವು ಅಂದರೆ ಸೊನ್ನೆಗೆ ಬಂದೆವು. 5ನ್ನು 0ಯಿಂದ ಭಾಗಿಸಿದರೆ ಪೈಥಾನ್ ‘ಝೀರೊ ಡಿವಿಜನ್ ಎರರ್’ ಕೊಟ್ಟು ನಿಲ್ಲುತ್ತದೆ. ಇಲ್ಲಿ ನಮ್ಮ ಜಿಲ್ಲೆಯದೇ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡೆಯ ಊರು, ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಎಂದ, ಸರಿ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಹಾಗೇ ಉಳಿಯುತ್ತದೆ ಎಂದ. ಯಾರಿಗೂ ಹಂಚದಿದ್ದರೆ ರಾಶಿ ಇದ್ದಂತೆಯೇ ಇರುತ್ತದಲ್ಲ ಎಂದು ಯೋಚಿಸಿದರೆ ಆ ಮಾತಿನ ತರ್ಕ ಹೊಳೆಯುತ್ತದೆ. ಆದರೆ 5/0 = 5 ಎಂದು ಒಪ್ಪಿದರೆ, ತಿರುಗಿಸಿ 5ನ್ನು 0ಯಿಂದ ಗುಣಿಸಿದಾಗ 5 ಬರಬೇಕು, ಬರುವುದಿಲ್ಲ. ಅದೇ ಗ್ರಂಥದಲ್ಲಿ ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದವನೂ ಅವನೇ. ಮುಂದೆ 12ನೆಯ ಶತಮಾನದಲ್ಲಿ ಎರಡನೆಯ ಭಾಸ್ಕರ ಸೊನ್ನೆಯಿಂದ ಭಾಗಿಸಿದ್ದನ್ನು ‘ಖಹರ’ ಎಂದು ಕರೆದು ಅನಂತ ಎಂದ.

ಇವತ್ತಿನ ಯಂತ್ರಗಳಲ್ಲೂ ಒಮ್ಮತ ಇಲ್ಲ, ಅದು ನನಗೆ ಬಹಳ ಇಷ್ಟವಾದ ಸಂಗತಿ. ಫ್ಲೋಟ್ ಸಂಖ್ಯೆಗಳಿಗೆ 1985ರಲ್ಲಿ ಬಂದ ಐಟ್ರಿಪಲ್‌ಇ 754 ಎಂಬ ಮಾನದಂಡದ ಪ್ರಕಾರ 5/0 ಅನಂತ. ಜಾವಾಸ್ಕ್ರಿಪ್ಟ್ ಅದನ್ನೇ ಪಾಲಿಸಿ ‘ಇನ್ಫಿನಿಟಿ’ ಎಂದು ತೋರಿಸುತ್ತದೆ, ಭಾಸ್ಕರನ ಪಕ್ಷ. ಪೈಥಾನ್ ಅದನ್ನು ಬಿಟ್ಟು ಎರರ್ ಎತ್ತುತ್ತದೆ. ಸಿ ಭಾಷೆಯಲ್ಲಿ ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿದರೆ ಏನಾಗಬೇಕೆಂದು ಭಾಷೆಯೇ ಹೇಳುವುದಿಲ್ಲ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಪ್ರೋಗ್ರಾಮ್ ಸಾಯುತ್ತದೆ, ಸಾಯುವಾಗ ‘ಫ್ಲೋಟಿಂಗ್ ಪಾಯಿಂಟ್ ಎಕ್ಸೆಪ್ಶನ್’ ಅನ್ನುತ್ತದೆ. ಲೆಕ್ಕದಲ್ಲಿ ಫ್ಲೋಟ್ ಒಂದೂ ಇರಲಿಲ್ಲ. ಎರರ್ ಸಂದೇಶವನ್ನು ಓದಬೇಕು, ಪೂರ್ತಿ ನಂಬಬಾರದು.

ನಮ್ಮ ಪ್ರೋಗ್ರಾಮಿನಲ್ಲಿ ಸೊನ್ನೆಯ ಪರೀಕ್ಷೆ ಎಲ್ಲಿ ಹಾಕಬೇಕು? ಎರಡನೆಯ ಸಂಖ್ಯೆ ಬಂದ ಕೂಡಲೇ ‘ಸೊನ್ನೆ ಬೇಡ’ ಅಂದರೆ 12 + 0 ಕೂಡ ನಿಲ್ಲುತ್ತದೆ. ಭಾಗಾಕಾರದ ಕವಲಿನ ಒಳಗೇ ಹಾಕಿ. ಎರಡು ಓರೆಗೆರೆ ಮತ್ತು ಶೇಷ ಸೇರಿಸಿದ್ದರೆ ಅಲ್ಲಿಯೂ ಹಾಕಬೇಕು, ಇದನ್ನು ಮರೆಯುವವರು ಹೆಚ್ಚು.

ಈಗ ಮನುಷ್ಯರ ಕಡೆ ತಿರುಗೋಣ. ನೀವು ಸಂಖ್ಯೆ ಕೇಳಿದಿರಿ. ಒಬ್ಬರು 1,25,000 ಎಂದು ಅಲ್ಪವಿರಾಮ ಹಾಕಿ ಕೊಡುತ್ತಾರೆ. ನಮ್ಮಲ್ಲಿ ಎಲ್ಲರೂ ಬರೆಯುವುದು ಹಾಗೇ, ಅವರ ತಪ್ಪಲ್ಲ. ಫ್ಲೋಟ್ ಒಪ್ಪುವುದಿಲ್ಲ, ‘ವ್ಯಾಲ್ಯೂ ಎರರ್’. ರಿಪ್ಲೇಸ್(",", "") ಎಂದು ಮೊದಲು ಅಲ್ಪವಿರಾಮ ಅಳಿಸಿ, ಆಮೇಲೆ ಫ್ಲೋಟ್‌ಗೆ ಕೊಡಿ. ಉತ್ತರ ತೋರಿಸುವಾಗ ಪೈಥಾನಿನ ಸಿದ್ಧ ಅಲ್ಪವಿರಾಮ ಬಳಸಿದರೆ 125,000 ಎಂದು ಮೂರು ಮೂರು ಅಂಕಿಗೆ ಹಾಕುತ್ತದೆ, ಲಕ್ಷದ ಲೆಕ್ಕ ಅದಕ್ಕೆ ಬರುವುದಿಲ್ಲ. ಇನ್ನೊಬ್ಬರು ರೂಪಾಯಿ ಚಿಹ್ನೆ ಸೇರಿಸುತ್ತಾರೆ. ಮತ್ತೊಬ್ಬರು ಏನೂ ಒತ್ತದೆ ಎಂಟರ್ ಹೊಡೆಯುತ್ತಾರೆ. ವರ್ಡ್ ಫೈಲಿನಿಂದ ಕಾಪಿ ಮಾಡಿದವರ ಮೈನಸ್ ಕೆಲವೊಮ್ಮೆ ಮೈನಸ್ಸೇ ಆಗಿರುವುದಿಲ್ಲ, ಉದ್ದ ಗೆರೆ ಆಗಿರುತ್ತದೆ. ವರ್ಡ್ ನಿಮ್ಮ ಕೋಡಿನ ನೇರ ಉದ್ಧರಣ ಚಿಹ್ನೆಯನ್ನೂ ಬಾಗಿಸಿಬಿಡುತ್ತದೆ, ಆ ಕೋಡ್ ಓಡದು; ಅಸೈನ್‌ಮೆಂಟನ್ನು ವರ್ಡಿನಲ್ಲಿ ಬರೆದು ಆಮೇಲೆ ಐಡಲ್‌ಗೆ ಅಂಟಿಸುವವರು ಕೇಳಿಸಿಕೊಳ್ಳಿ. ವಿಚಿತ್ರ ಇನ್ನೊಂದಿದೆ: ಬಳಕೆದಾರರು ಎನ್-ಎ-ಎನ್ ಎಂಬ ಮೂರು ಇಂಗ್ಲಿಷ್ ಅಕ್ಷರ ಕೊಟ್ಟರೆ ಫ್ಲೋಟ್ ತಕರಾರಿಲ್ಲದೆ ಒಪ್ಪುತ್ತದೆ. ‘ಸಂಖ್ಯೆ ಅಲ್ಲದ್ದು’ ಎಂಬ ವಿಶೇಷ ಸಂಖ್ಯೆ ಅದು. ಅದನ್ನು ಯಾವುದಕ್ಕೆ ಕೂಡಿದರೂ ಅದೇ ಬರುತ್ತದೆ.

ಎಲ್ಲ ತಪ್ಪುಗಳನ್ನೂ ಮೊದಲೇ ಊಹಿಸಿ ತಡೆಯಲು ಆಗದು. ಅದಕ್ಕೇ ಟ್ರೈ ಮತ್ತು ಎಕ್ಸೆಪ್ಟ್:

ವೈಲ್ ಟ್ರೂ:
    ಪಠ್ಯ = ಇನ್‌ಪುಟ್("ಸಂಖ್ಯೆ: ").ರಿಪ್ಲೇಸ್(",", "")
    ಟ್ರೈ:
        ಮೊದಲು = ಫ್ಲೋಟ್(ಪಠ್ಯ)
        ಬ್ರೇಕ್
    ಎಕ್ಸೆಪ್ಟ್ ವ್ಯಾಲ್ಯೂಎರರ್:
        ಪ್ರಿಂಟ್("ಇದು ಸಂಖ್ಯೆ ಅಲ್ಲ, ಮತ್ತೆ ಕೊಡಿ. ಉದಾ: 3.4")

ಸರಿಯಾದ ಸಂಖ್ಯೆ ಬರುವವರೆಗೂ ಸುತ್ತು ತಿರುಗುತ್ತದೆ, ಬಂದ ಕೂಡಲೇ ಬ್ರೇಕ್ ಹೊರಗೆ ತರುತ್ತದೆ. ಬರೀ ‘ತಪ್ಪು’ ಅನ್ನದೆ ಒಂದು ಉದಾಹರಣೆ ಕೊಟ್ಟಿದ್ದೇನೆ, ಅದು ಕೊಡಲೇಬೇಕಾದ ಸೌಜನ್ಯ. ಎಕ್ಸೆಪ್ಟ್ ಮುಂದೆ ಎರರ್ ಹೆಸರು ಬರೆಯದೆ ಬಿಟ್ಟರೂ ಓಡುತ್ತದೆ, ಆದರೆ ಆಗ ಅದು ಬಂದದ್ದನ್ನೆಲ್ಲ ನುಂಗುತ್ತದೆ. ಇನ್‌ಪುಟ್ ಸಾಲನ್ನೂ ಟ್ರೈ ಒಳಗೇ ಹಾಕಿಬಿಟ್ಟಿದ್ದರೆ, ಪ್ರೋಗ್ರಾಮ್ ನಿಲ್ಲಿಸಲು ನೀವು ಒತ್ತುವ ಕಂಟ್ರೋಲ್-ಸಿ ಕೂಡ ಒಂದು ಎರರ್ ರೂಪದಲ್ಲೇ ಬರುವುದರಿಂದ ಅದನ್ನೂ ನುಂಗಿ ‘ಮತ್ತೆ ಕೊಡಿ’ ಅನ್ನುತ್ತದೆ. ಕಿಟಕಿಯನ್ನೇ ಮುಚ್ಚದೆ ಬೇರೆ ದಾರಿ ಇಲ್ಲ. ನಿಮ್ಮದೇ ಚಲಕದ ಹೆಸರು ತಪ್ಪಾಗಿದ್ದರೂ ಅದು ಬಳಕೆದಾರರನ್ನೇ ಬೈಯುತ್ತಿರುತ್ತದೆ. ಹಾಗಾಗಿ ಟ್ರೈ ಒಳಗೆ ಎಷ್ಟು ಕಡಿಮೆ ಸಾಲೋ ಅಷ್ಟು ಒಳ್ಳೆಯದು.

ದಶಮಾಂಶದ ಮಾತು ಬಾಕಿ ಇದೆ. ಒಂದು ಚೀಲ ರಾಶಿ 1.1 ಕ್ವಿಂಟಲ್, ಇನ್ನೊಂದು 2.2. ಕೂಡಿಸಿ ನೋಡ್ರಿ. 3.3000000000000003. ಪ್ರೋಗ್ರಾಮ್ ಕೆಟ್ಟಿಲ್ಲ. ಹತ್ತರ ಪದ್ಧತಿಯಲ್ಲಿ ಮೂರನೆಯ ಒಂದು ಭಾಗವನ್ನು 0.333 ಎಂದು ಎಷ್ಟು ಬರೆದರೂ ಮುಗಿಯದು. ಎರಡರ ಪದ್ಧತಿಯಲ್ಲಿ ಹತ್ತನೆಯ ಒಂದು ಭಾಗವೂ ಹಾಗೇ ಮುಗಿಯದು. ಫ್ಲೋಟ್‌ಗೆ ಇರುವುದು 64 ಬಿಟ್, ಅಂಕಿಗಳಿಗೆ ಅದರಲ್ಲಿ 53 ಬಿಟ್‌ನಷ್ಟು ನಿಖರತೆ. ಅಲ್ಲಿಗೆ ಕತ್ತರಿಸಿ ಹತ್ತಿರದ ಸಂಖ್ಯೆ ಇಟ್ಟುಕೊಳ್ಳುತ್ತದೆ. ತೋರಿಸುವಾಗ ಎರಡು ದಶಮಾಂಶಕ್ಕೆ ಮಿತಿ ಹಾಕಿದರೆ ಕಣ್ಣಿಗೆ ಸರಿಹೋಗುತ್ತದೆ. ಆದರೆ ಎರಡು ಫ್ಲೋಟ್‌ಗಳನ್ನು ಎರಡು ಸಮ ಚಿಹ್ನೆಯಿಂದ ಹೋಲಿಸುವ ಸಾಹಸ ಮಾಡಬೇಡಿ.

ದುಡ್ಡಿನ ಲೆಕ್ಕಕ್ಕೆ ಎರಡು ದಾರಿ. ಎಲ್ಲವನ್ನೂ ಪೈಸೆಗೆ ಇಳಿಸಿ ಪೂರ್ಣಾಂಕದಲ್ಲೇ ಲೆಕ್ಕ ಮಾಡುವುದು ಒಂದು. ಇಳಿಸುವಾಗಲೂ ಜೋಕೆ: 19.99ನ್ನು 100ರಿಂದ ಗುಣಿಸಿದರೆ 1998.9999999999998 ಬರುತ್ತದೆ, ಅದನ್ನು ಇಂಟ್ ಮಾಡಿದರೆ 1998, ಒಂದು ಪೈಸೆ ಹೋಯಿತು. ಇನ್ನೊಂದು ದಾರಿ ಡೆಸಿಮಲ್ ಎಂಬ ಮಾಡ್ಯೂಲ್, ಅಂದರೆ ಪೈಥಾನಿನ ಜೊತೆಗೇ ಬರುವ, ಬೇಕಾದಾಗ ಇಂಪೋರ್ಟ್ ಮಾಡಿಕೊಳ್ಳುವ ಸಿದ್ಧ ಕೋಡ್ (ಮಾಡ್ಯೂಲಿನ ಹೆಸರು ಮಾತ್ರ ಸಣ್ಣಕ್ಷರದಲ್ಲಿ). ಅದಕ್ಕೆ "0.1" ಎಂದು ಉದ್ಧರಣ ಚಿಹ್ನೆಯೊಳಗೇ ಕೊಡಬೇಕು, ಬರೀ 0.1 ಕೊಟ್ಟರೆ ಕೆಟ್ಟುಹೋದ ಫ್ಲೋಟನ್ನೇ ಅಷ್ಟೂ ಅಂಕಿಗಳ ಸಮೇತ ಎತ್ತಿಕೊಳ್ಳುತ್ತದೆ. ಇನ್‌ಪುಟ್ ಹೇಗೂ ಅಕ್ಷರವಾಗಿಯೇ ಬರುವುದರಿಂದ ನಮಗೆ ಅನುಕೂಲ, ಫ್ಲೋಟ್ ಇದ್ದಲ್ಲಿ ಡೆಸಿಮಲ್ ಬರೆದರಾಯಿತು. ಆಗ ತಪ್ಪು ಪಠ್ಯಕ್ಕೆ ಬರುವ ಎರರ್ ಮಾತ್ರ ಬೇರೆ, ‘ಇನ್‌ವ್ಯಾಲಿಡ್ ಆಪರೇಶನ್’, ಎಕ್ಸೆಪ್ಟ್ ಸಾಲನ್ನೂ ಬದಲಿಸಬೇಕು. ನಿಮ್ಮ ಫೈಲಿಗೇ ಡೆಸಿಮಲ್ ಅಂತ ಹೆಸರಿಟ್ಟಿದ್ದರೆ ಪೈಥಾನ್ ಮಾಡ್ಯೂಲ್ ಬದಲು ನಿಮ್ಮ ಫೈಲನ್ನೇ ತೆರೆದು ಎಡವುತ್ತದೆ. ರೌಂಡ್ ಬಗ್ಗೆ ಒಂದೇ ಮಾತು: ರೌಂಡ್(2.5) 2 ಕೊಡುತ್ತದೆ, ರೌಂಡ್(3.5) 4 ಕೊಡುತ್ತದೆ. ಸರಿಯಾಗಿ ಅರ್ಧಕ್ಕೆ ನಿಂತಾಗ ಸಮಸಂಖ್ಯೆಯ ಕಡೆ ಹೋಗುವುದು ಅದರ ನಿಯಮ, ಶಾಲೆಯಲ್ಲಿ ಕಲಿತದ್ದಲ್ಲ.

ಇಷ್ಟಾದ ಮೇಲೆ ಲೆಕ್ಕದ ಭಾಗವನ್ನು ಬೇರೆ ಫಂಕ್ಷನ್ ಮಾಡಿ: ಮೂರು ಬೆಲೆ ತೆಗೆದುಕೊಂಡು ಉತ್ತರ ಹಿಂದಿರುಗಿಸುವ ‘ಲೆಕ್ಕ(ಮೊದಲು, ಗುರುತು, ನಂತರ)’. ಅದರೊಳಗೆ ಇನ್‌ಪುಟ್ ಇರಬಾರದು, ಪ್ರಿಂಟ್ ಇರಬಾರದು. ಒಳಗೆ ಪ್ರಿಂಟ್ ಮಾಡಿ ರಿಟರ್ನ್ ಮರೆತರೆ ಹೊರಗೆ ‘ನನ್’ ಅಂತ ಬರುತ್ತದೆ, ಅದರ ಅರ್ಥ ಏನೂ ಹಿಂದಿರುಗಲಿಲ್ಲ ಅಂತ. ಬೇರೆ ಮಾಡಿದ ಲಾಭ ಪರೀಕ್ಷೆ ಮಾಡುವಾಗ ಗೊತ್ತಾಗುತ್ತದೆ. ಪ್ರತಿ ಸಲ ಮೂರು ಮೂರು ಸಲ ಟೈಪ್ ಮಾಡುವ ಬದಲು ಹತ್ತು ಸಾಲು ಬರೆದಿಟ್ಟು ಒಂದೇ ಏಟಿಗೆ ಓಡಿಸಬಹುದು. ಪರೀಕ್ಷೆಗೆ 2 ಮತ್ತು 2 ಕೊಡಬೇಡಿ, ಕೂಡಿದರೂ 4, ಗುಣಿಸಿದರೂ 4. ಗುರುತು ಅದಲುಬದಲಾಗಿದ್ದರೆ ತಿಳಿಯದು. 12 ಮತ್ತು 5 ಕೊಡಿ, ಮತ್ತೆ 5 ಮತ್ತು 12 ಕೊಡಿ, ಕಳೆಯುವಾಗ ಎಡಬಲ ತಿರುಗಿದ್ದರೆ ಸಿಕ್ಕಿಬೀಳುತ್ತದೆ. ಒಂದು ಋಣ ಸಂಖ್ಯೆ, ಒಂದು ದಶಮಾಂಶ, ಎರಡೂ ಕಡೆ ಸೊನ್ನೆ.

ಯಾರಾದರೂ ಕೇಳೇ ಕೇಳುತ್ತೀರಿ: ಇವಾಲ್ ಅಂತ ಒಂದಿದೆಯಲ್ರೀ, ಅದಕ್ಕೆ "2+3*4" ಕೊಟ್ಟರೆ ತಾನೇ ಉತ್ತರ ಕೊಡುತ್ತದೆ, ಇಷ್ಟೆಲ್ಲ ಯಾಕೆ? ಕೊಡುತ್ತದೆ. ಲೆಕ್ಕ ಅಷ್ಟೇ ಅಲ್ಲ, ಯಾವ ಪೈಥಾನ್ ಮಾತು ಕೊಟ್ಟರೂ ಓಡಿಸುತ್ತದೆ, ಫೈಲ್ ಅಳಿಸುವ ಮಾತಾದರೂ ಸರಿ. ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ನೀವೇ ಆಡುವಾಗ ನಡೆದೀತು. ವೆಬ್ ಪುಟದ ಹಿಂದೆ ಇಟ್ಟಿರೋ, ಮನೆ ಬಾಗಿಲು ತೆರೆದಿಟ್ಟು ಊರಿಗೆ ಹೋದ ಹಾಗೆ. ಬರೀ ಅಂಕಿ ಮತ್ತು ಗುರುತು ಮಾತ್ರ ಬಿಡುತ್ತೇನೆ ಅಂದರೂ 9**9**9 ಎಂಬ ಏಳೇ ಅಕ್ಷರ ಕೊಟ್ಟು ನಿಮ್ಮ ಯಂತ್ರವನ್ನು ಕಟ್ಟಿಹಾಕಬಹುದು. ಎರಡು ನಕ್ಷತ್ರ ಎಂದರೆ ಘಾತ.

ಆದರೆ ಆ ಪ್ರಶ್ನೆಯಲ್ಲಿ ಒಂದು ಒಳ್ಳೆಯ ಎಳೆ ಇದೆ. 2+3*4 ಎಷ್ಟು? ಗಣಿತದ ಮೇಷ್ಟ್ರು 14 ಅನ್ನುತ್ತಾರೆ. ಅಂಗಡಿಯ ಸಾದಾ ಕ್ಯಾಲ್ಕುಲೇಟರಿನಲ್ಲಿ ಅದೇ ಕ್ರಮದಲ್ಲಿ ಒತ್ತಿದರೆ 20, ಅದು ಬಂದದ್ದನ್ನು ಬಂದ ಹಾಗೇ ಮಾಡಿ ಮುಗಿಸುತ್ತದೆ. 14 ಬರಬೇಕಾದರೆ ಕಾಯುವುದನ್ನು ಕಲಿಸಬೇಕು. ಡಚ್ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1961ರಲ್ಲಿ ಕೊಟ್ಟ ವಿಧಾನ ಇದಕ್ಕೆ ಸಾಕು, ಬೇಕಾದ್ದು ಎರಡು ಲಿಸ್ಟ್: ಒಂದು ಸಂಖ್ಯೆಗೆ, ಒಂದು ಗುರುತಿಗೆ. 2+3*4-5 ತೆಗೆದುಕೊಳ್ಳಿ. 2 ಸಂಖ್ಯೆಗಳ ರಾಶಿಗೆ, ಪ್ಲಸ್ ಗುರುತುಗಳ ರಾಶಿಗೆ, 3 ಸಂಖ್ಯೆಗೆ. ನಕ್ಷತ್ರ ಬಂತು, ರಾಶಿಯ ಮೇಲಿರುವ ಪ್ಲಸ್ಸಿಗಿಂತ ಇದರ ಸ್ಥಾನ ಹೆಚ್ಚು, ಅದರ ಮೇಲೆ ಇಡಿ. 4 ಸಂಖ್ಯೆಗೆ. ಮೈನಸ್ ಬಂತು, ಮೇಲಿರುವ ನಕ್ಷತ್ರ ಇದಕ್ಕಿಂತ ಹೆಚ್ಚು, ಹಾಗಾಗಿ ಮೊದಲು ಅದನ್ನು ತೀರಿಸಿ: ಮೇಲಿನ ಎರಡು ಸಂಖ್ಯೆ ತೆಗೆದು ಗುಣಿಸಿ 12 ಇಡಿ. ಈಗ ಮೇಲೆ ಪ್ಲಸ್, ಮೈನಸ್ಸಿಗೆ ಸಮಾನ. ಸಮಾನ ಇದ್ದರೂ ತೀರಿಸಿ: 14. ಮೈನಸ್ ಇಡಿ, 5 ಇಡಿ. ಪಠ್ಯ ಮುಗಿಯಿತು, ಉಳಿದದ್ದು ತೀರಿಸಿ: 9.

‘ಸಮಾನ ಇದ್ದರೂ’ ಎಂಬುದನ್ನು ಬಿಟ್ಟು, ಹೆಚ್ಚಿದ್ದರೆ ಮಾತ್ರ ತೀರಿಸುವಂತೆ ಬರೆದರೆ ಕೂಡುವ ಲೆಕ್ಕಗಳೆಲ್ಲ ಸರಿ ಬರುತ್ತವೆ, 10-4-3 ಮಾತ್ರ 3 ಬದಲು 9 ಆಗುತ್ತದೆ, ಯಾಕೆಂದರೆ ಬಲಗಡೆಯ 4-3 ಮೊದಲು ನಡೆಯುತ್ತದೆ. ರಾಶಿಯಿಂದ ಎರಡು ಸಂಖ್ಯೆ ತೆಗೆಯುವಾಗ ಮೊದಲು ಕೈಗೆ ಬರುವುದು ಎರಡನೆಯ ಸಂಖ್ಯೆ, ಅದನ್ನೂ ನೆನಪಿಡಿ. ಆವರಣ ತೆರೆದರೆ ಗುರುತುಗಳ ರಾಶಿಯಲ್ಲಿ ಸುಮ್ಮನೆ ಇಡಿ, ಮುಚ್ಚಿದಾಗ ತೆರೆದದ್ದು ಸಿಗುವವರೆಗೆ ತೀರಿಸಿ. ಆಮೇಲೆ -3+5 ಕೊಟ್ಟು ನೋಡಿ. ಮೈನಸ್ ಬಂದಾಗ ಸಂಖ್ಯೆಗಳ ರಾಶಿ ಖಾಲಿ, ಪ್ರೋಗ್ರಾಮ್ ‘ಇಂಡೆಕ್ಸ್ ಎರರ್’ ಕೊಟ್ಟು ಬೀಳುತ್ತದೆ. ಪಠ್ಯದ ಮೊದಲಲ್ಲಿ, ಇನ್ನೊಂದು ಗುರುತಿನ ಹಿಂದೆಯೇ, ಅಥವಾ ತೆರೆದ ಆವರಣದ ಹಿಂದೆಯೇ ಬರುವ ಮೈನಸ್ಸನ್ನು ಕಳೆಯುವ ಗುರುತೆಂದು ಎಣಿಸದೆ, ಮುಂದಿನ ಸಂಖ್ಯೆಗೇ ಸೇರಿಸಿ ಓದಬೇಕು. ಮೂರೂ ಕಡೆ ಪರೀಕ್ಷೆ ಮಾಡಿ: -3+5, 2*-3, (-4)+1.